ಮೊದಲ ಕತ್ತರಿ

ನನ್ನ ಗಂಡ ಕ್ಷೌರಿಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವರ ತಲೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ನಲವತ್ತೆರಡು ವರ್ಷ ಇವರು ಊರವರ ತಲೆಗಳ ಮೇಲೆ ಏನು ಮಾಡಿದ್ದಾರೆ ಎಂಬುದು ಗೊತ್ತಿರಬೇಕು. ಮಹಡಿಯ ಮೇಲೆ ನಮ್ಮ ಮನೆ, ಕೆಳಗೆ ಇವರ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟು ಅದರ ಮೇಲೆ ಕೂರಿಸುತ್ತಾರೆ. ಪುಟ್ಟ ಪುಟ್ಟ ಚಡ್ಡಿಗಳು ತಿಕ್ಕಿ ತಿಕ್ಕಿ ಆ ಹಲಗೆ ನುಣ್ಣಗಾಗಿದೆ. ಅದರ ಮೇಲೆ ಕೂತು ಬೀದಿಯೆಲ್ಲ ಕೇಳುವ ಹಾಗೆ ಅತ್ತವರೇ ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು, ಸುಮ್ಮನೆ ಕೂತ್ಕೋ, ಅಳಬಾರದು ಎಂದು ಬುದ್ಧಿ ಹೇಳುತ್ತಾರೆ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು. ದೂರದೂರಿನ ಮೊಮ್ಮಕ್ಕಳಿಗೆ ಸ್ವೆಟರು, ಟೊಪ್ಪಿಗೆ ಕಳಿಸಲು ಬರುತ್ತಿದ್ದ ಅಜ್ಜಿಯರನ್ನು ಎಷ್ಟು ಜನರನ್ನು ನೋಡಿದ್ದೇನೋ. ಪೊಟ್ಟಣವನ್ನು ತೂಕದ ಯಂತ್ರದ ಮೇಲಿಟ್ಟ ಮೇಲೂ ಅವರು ಅದರ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಕೈ ತೆಗೀರಿ, ನಿಮ್ಮ ಕೈಯ ತೂಕವೂ ಸೇರುತ್ತೆ ಎಂದು ನಾನು ರೇಗುತ್ತಿದ್ದೆ. ಈಗ ಅವರನ್ನೆಲ್ಲ ಹುಡುಕಿ ಹೋಗಿ ಕ್ಷಮೆ ಕೇಳಬೇಕು ಅನ್ನಿಸುತ್ತದೆ.

ನಮಗಿರುವುದು ಒಬ್ಬಳೇ ಮಗಳು, ಅವಳಿಗೊಬ್ಬಳು ಮಗಳು. ಅವರಿರುವುದು ಮೂರು ವಿಮಾನ ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿ. ಅಳಿಯಂದಿರು ಹಡಗು ರಿಪೇರಿ ಮಾಡುವ ಕಡೆ ಬೆಸುಗೆ ಕೆಲಸದ ಮೇಸ್ತ್ರಿ, ಮಗಳು ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ನಮಗೆ ಸಂಜೆಯಾದಾಗ ಅವರಿಗೆ ಬೆಳಗಾಗುತ್ತದೆ. ಮೊಮ್ಮಗಳಿಗೆ ಈಗ ಮೂರೂವರೆ ವರ್ಷ. ಅವಳು ಹುಟ್ಟಿದ ಮಾರನೆಯ ದಿನ ಫೋನಿನಲ್ಲಿ ತೋರಿಸಿದಾಗ, ಮೂಗು ಯಾರ ಹಾಗಿದೆ ಎಂದು ನಾನು ನೋಡುತ್ತಿದ್ದರೆ ಇವರು ಕೂದಲು ನೋಡುತ್ತಿದ್ದರು. ಮಗುವಿನ ತಲೆಯ ತುಂಬ ಕೂದಲು. ನೆತ್ತಿಯ ಮೇಲೆ ಎರಡು ಸುಳಿ. ಎರಡು ಸುಳಿಯ ತಲೆಗೆ ಸಿಕ್ಕವರೆಲ್ಲ ಕತ್ತರಿ ಹಾಕುವಂತಿಲ್ಲ, ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ ಎಂದು ಇವರು ಫೋನಿನಲ್ಲೇ ಪಾಠ ಶುರು ಮಾಡಿದರು. ಹೆತ್ತು ಇನ್ನೂ ಒಂದು ದಿನವಾಗಿಲ್ಲ, ಮಗಳು ಕಣ್ಣು ಮುಚ್ಚಿಕೊಂಡೇ ಹೂಂ ಹೂಂ ಅನ್ನುತ್ತಿದ್ದಳು.

"ಮೊದಲ ಕತ್ತರಿ ನಂದು" ಎಂದರು ಇವರು. "ನಾನು ಬರೋ ತನಕ ಈ ತಲೆ ಯಾರೂ ಮುಟ್ಟಬಾರದು."

ಆಗಲಿ ಅಪ್ಪಾ ಎಂದಳು ಮಗಳು. ಅದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಮದುವೆಯಾಗಿ ಹೋಗುವ ತನಕ ಅವಳ ತಲೆಗೂ ಇವರದಲ್ಲದೆ ಬೇರೆಯವರ ಕತ್ತರಿ ಸೋಕಿರಲಿಲ್ಲ. ನನ್ನ ಜಡೆಯ ತುದಿಯನ್ನೂ ಇವತ್ತಿಗೂ ಇವರೇ ಸಮ ಮಾಡುವುದು.

ಮಗು ಬೆಳೆಯಿತು, ಕೂದಲು ಅದಕ್ಕಿಂತ ಜೋರಾಗಿ ಬೆಳೆಯಿತು. ನಾನು ಅವಳಿಗೆ ಪೊದೆ ಎಂದು ಹೆಸರಿಟ್ಟೆ. ಏನೇ ಪೊದೆ, ಇವತ್ತು ಒಳಗೆ ಯಾವ ಹಕ್ಕಿ ಕೂತಿದೆ ಎಂದು ಕೇಳಿದರೆ ಅವಳು ಫೋನಿನ ಮುಂದೆ ತಲೆ ಬಗ್ಗಿಸಿ ತೋರಿಸುತ್ತಿದ್ದಳು.

ಹೋಗಬೇಕೆಂದು ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದೆವು. ಎರಡು ಸಲವೂ ನನ್ನ ಅರ್ಜಿ ಒಪ್ಪಿಗೆಯಾಯಿತು, ಇವರದು ವಾಪಸು ಬಂತು. ಕಾರಣ ಒಂದೇ ಸಾಲು: ಸಹಿ ಹೊಂದುತ್ತಿಲ್ಲ. ಪಾಸ್‌ಪೋರ್ಟಿನಲ್ಲಿದ್ದದ್ದು ಎಂಟು ವರ್ಷದ ಹಿಂದಿನ ಸಹಿ, ಕೊನೆಯಲ್ಲಿ ಮೀಸೆ ತಿರುವಿದ ಹಾಗೆ ಒಂದು ಗೀಟು ಬೇರೆ. ಅರ್ಜಿಯ ಮೇಲಿದ್ದದ್ದು ಶಾಯಿಯಲ್ಲಿ ಬಿದ್ದ ಇರುವೆ ಕಾಗದದ ಮೇಲೆ ನಡೆದುಹೋದಂತಿತ್ತು.

ಇವರ ಬಲಗೈ ನಡುಗಲು ಶುರುವಾಗಿ ಎರಡು ವರ್ಷವಾಯಿತು. ಮೊದಲು ನನಗೆ ಗೊತ್ತಾದದ್ದು ಕಿವಿಯಿಂದ, ಚಹಾದ ಬಟ್ಟಲಿಗೆ ಚಮಚ ತಾಗಿ ಸುಮ್ಮನೆ ಸದ್ದಾಗುತ್ತಿತ್ತು. ಆಮೇಲೆ ಅಂಗಡಿಯಲ್ಲಿ ಒಂದು ದಿನ ನಿವೃತ್ತ ಮೇಷ್ಟ್ರ ಕಿವಿಯ ತುದಿಗೆ ಗಾಯವಾಯಿತು. ಮೇಷ್ಟ್ರು ತಲೆ ಅಲ್ಲಾಡಿಸಿಬಿಟ್ಟರು ಎಂದು ಇವರು ಮನೆಗೆ ಬಂದು ಹೇಳಿದರು. ಎದುರಿಗೆ ಯಾವ ಹುಡುಗ ಗಲಾಟೆ ಮಾಡಿದರೂ ತಲೆ ಅಲ್ಲಾಡಿಸದೆ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಅವರು. ದೊಡ್ಡವರು, ಮುಂದಿನ ತಿಂಗಳೂ ಬಂದರು. ಗಡ್ಡ ಬೇಡ, ಕೂದಲಷ್ಟೇ ಸಾಕು ಎಂದರು. ಹಾಗೆ ಒಬ್ಬೊಬ್ಬರೇ ಗಡ್ಡ ಬೇಡ ಎಂದರು. ಆಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಎರಡನೆಯ ಸಲ ಅರ್ಜಿ ಹಾಕುವ ಮೊದಲು ಇವರು ಒಂದು ನೋಟ್‌ಬುಕ್ಕು ತಂದು ತುಂಬ ಸಹಿ ಹಾಕಿ ಅಭ್ಯಾಸ ಮಾಡಿದರು. ಮಗ್ಗಿ ಬರೆಯುವ ಹುಡುಗನ ಹಾಗೆ ನಾಲಿಗೆ ಹೊರಗೆ ಹಾಕಿಕೊಂಡು. ಅದೂ ವಾಪಸು ಬಂದಾಗ, ಕಚೇರಿಯ ಹೆಣ್ಣುಮಗಳು ದಾರಿ ಹೇಳಿಕೊಟ್ಟಳು. ಕೈ ನಡುಗುತ್ತದೆ ಎಂದು ಡಾಕ್ಟರಿಂದ ಒಂದು ಪತ್ರ ತನ್ನಿ, ಹೆಬ್ಬೆಟ್ಟು ಒತ್ತಿದರೆ ಸಾಕು. ಇಷ್ಟು ಸುಲಭ. ಇವರು ಜಪ್ಪಯ್ಯ ಅನ್ನಲಿಲ್ಲ. ಡಾಕ್ಟರು ತಮ್ಮ ಗಿರಾಕಿ, ಅವರ ಬಾಯಿಂದ ಕೈ ನಡುಗುತ್ತದೆ ಎಂದು ಕಾಗದದ ಮೇಲೆ ಬರೆಸಿಕೊಂಡು ಬಂದ ಮೇಲೆ ಅಂಗಡಿಯ ಬಾಗಿಲು ತೆಗೆಯುವುದು ಯಾವ ಮುಖ ಇಟ್ಟುಕೊಂಡು ಎಂದರು. ಮಗಳಿಗೆ ಯಾವುದೋ ಕಾಗದ ಕಮ್ಮಿಯಾಗಿದೆಯಂತೆ ಎಂದು ಸುಳ್ಳು ಹೇಳಿದೆವು. ಇಬ್ಬರೂ ಸೇರಿ ಹೇಳಿದೆವು, ಇವರೊಬ್ಬರ ಮೇಲೆ ಹಾಕುವುದಿಲ್ಲ.

ನೀನಾದರೂ ಹೋಗಿ ಬಾ ಎಂದು ಇವರು ಹತ್ತು ಸಲ ಹೇಳಿದರು. ಹೋಗಬಹುದಿತ್ತು. ಹೋಗಿ, ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಲ್ಲಿ ಒಬ್ಬರೇ ಕೂತ ಇವರಿಗೆ ಫೋನಿನಲ್ಲಿ ತೋರಿಸುವುದೇ? ಅಷ್ಟು ಕಲ್ಲುಮನಸ್ಸು ನನಗಿಲ್ಲ. ಆದರೆ ಹೋಗದೆ ಉಳಿದದ್ದಕ್ಕೆ ಇವರ ಮೇಲೆ ಒಳಗೊಳಗೇ ಸಿಟ್ಟೂ ಇತ್ತು. ಎದುರುಮನೆಯಾಕೆ ಮೊಮ್ಮಕ್ಕಳ ಕಾಟ ತಡೆಯೋಕಾಗಲ್ಲ ಎಂದು ಗೊಣಗುತ್ತಾ ಬಂದಾಗಲೆಲ್ಲ ಅವಳ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸುತ್ತಿತ್ತು. ತುರುಕಲಿಲ್ಲ, ಚಹಾ ಕೊಟ್ಟು ಕಳಿಸುತ್ತಿದ್ದೆ.

ಹೀಗೆ ಅಲ್ಲಿ ಕೂದಲು ಬೆಳೆಯುತ್ತಿತ್ತು, ಇಲ್ಲಿ ಕೈ ನಡುಗುತ್ತಿತ್ತು. ಫೋನು ಮಾಡಿದಾಗ ಇವರು ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದರು. ಪೊದೆ ತಾನು ಬಿಡಿಸಿದ ಚಿತ್ರ ತೋರಿಸುತ್ತಿದ್ದಳು, ಹೊಸ ಬೂಟು ತೋರಿಸುತ್ತಿದ್ದಳು, ಹಲ್ಲು ಉಜ್ಜಿದ ಬಾಯಿ ತೋರಿಸುತ್ತಿದ್ದಳು. ಆಹಾ ಓಹೋ ಎಂದು ನಾವು ಹೊಗಳಿ ಮುಗಿಸುವಷ್ಟರಲ್ಲಿ ಅವಳು ಎದ್ದು ಓಡಿರುತ್ತಿದ್ದಳು. ಫೋನಿನ ತೆರೆ ಕಪ್ಪಾದ ಮೇಲೆ ಅದರಲ್ಲಿ ನಮ್ಮಿಬ್ಬರದೇ ಮುಖ ಕಾಣುತ್ತಿತ್ತು. ಅದನ್ನು ನೋಡುವುದು ನನಗೆ ಆಗುತ್ತಿರಲಿಲ್ಲ, ಬೇಗ ಬೋರಲು ಹಾಕಿಬಿಡುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಮಗಳು ಫೋನು ಮಾಡಿದಾಗ ದನಿಯಲ್ಲೇ ಏನೋ ಇತ್ತು. ಪೊದೆಯ ಬಲಗಣ್ಣಿನ ರೆಪ್ಪೆ ಕೆಂಪಗೆ ಊದಿಕೊಂಡಿತ್ತು. ಕೂದಲಿನ ತುದಿ ಕಣ್ಣಿಗೆ ಚುಚ್ಚಿ ಚುಚ್ಚಿ ಹಾಗಾಗಿದೆ, ಮೊದಲು ಮುಂಗೂದಲು ಕತ್ತರಿಸಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಕ್ಲಿಪ್ಪು ಹಾಕಿದರೆ ಆ ಎರಡು ಸುಳಿಯ ದೆಸೆಯಿಂದ ನಿಲ್ಲುವುದಿಲ್ಲ, ಕಟ್ಟಿದರೆ ಮಗು ಕಿತ್ತು ಎಸೆಯುತ್ತದೆ. ಮನೆಯ ಹತ್ತಿರವೇ ಮಕ್ಕಳ ಕೂದಲು ಕತ್ತರಿಸುವ ಅಂಗಡಿ ಇದೆ ಎಂದು ಮಗಳು ಹೇಳಿ, ಮುಂದೆ ಹೇಳಲಾರದೆ ನಿಲ್ಲಿಸಿದಳು. ಅಪ್ಪಾ ಎಂದಳು.

"ಕತ್ತರಿಸಿಬಿಡಿ" ಎಂದರು ಇವರು. "ಕೂದಲು ತಾನೆ. ಬೆಳೆಯತ್ತೆ."

ಹೇಳಿ ಎದ್ದು ಅಂಗಡಿಗೆ ಇಳಿದುಹೋದರು. ಕೂದಲು ಬೆಳೆಯುತ್ತದೆ ಎಂದು ಆ ಮನುಷ್ಯ ತಮ್ಮ ಬಾಯಿಂದ ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಇಷ್ಟು ವರ್ಷ ಒಂದೊಂದು ತಲೆಯನ್ನೂ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂಬ ಹಾಗೆ ಕತ್ತರಿಸಿದವರು ಇವರು.

ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೇಳಿದರೆ ಹಸಿವಿಲ್ಲ. ಮುಖ ಊದಿಸಿಕೊಂಡಿದ್ದರೆ ಬಯ್ಯಬಹುದಿತ್ತು, ಮುಖದಲ್ಲಿ ಏನೂ ಇರಲಿಲ್ಲ. ಮೂರನೆಯ ದಿನ ನಾನು ಕೆಳಗೆ ಹೋದೆ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ, ಮಕ್ಕಳಿಗೆಂದೇ ಇಟ್ಟ ಸಣ್ಣ ಕತ್ತರಿಯನ್ನು ಮುಂದಿಟ್ಟುಕೊಂಡು ಎಣ್ಣೆ ಬಿಡುತ್ತಿದ್ದರು. ಕೈ ನಡುಗಿ ಎಣ್ಣೆಯೆಲ್ಲ ಮೇಜಿನ ಮೇಲೆ. ನಾನು ರೇಗಿದೆ. ಶಪಥ ಮಾಡು ಎಂದು ನಿಮಗೆ ಯಾರು ಹೇಳಿದ್ದರು, ಯಾರು ಕತ್ತರಿಸಿದರೇನು, ಮಗುವಿನ ಕಣ್ಣು ನೆಟ್ಟಗಿರುವುದು ಮುಖ್ಯವೋ ನಿಮ್ಮ ಹಟ ಮುಖ್ಯವೋ ಎಂದು ಒಂದೇ ಉಸಿರಿಗೆ ಕೇಳಿದೆ.

ಇವರು ಕತ್ತರಿ ಕೆಳಗಿಟ್ಟರು.

"ಬೇರೆ ಅಜ್ಜಂದಿರು ಕಥೆ ಹೇಳ್ತಾರೆ, ಹಾಡು ಹೇಳ್ತಾರೆ. ನಂಗೇನು ಬರತ್ತೆ ಹೇಳು? ಇದೊಂದು ಬರತ್ತೆ. ಒಂದೇ ಒಂದು ಸಲ ಆ ತಲೆ ಮೇಲೆ ಕೈಯಿಟ್ಟು ಈ ಕೆಲಸ ಮಾಡಿದ್ರೆ, ಅಜ್ಜ ಅಂದ್ರೆ ಯಾರು ಅಂತ ಆ ಮಗೂಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ. ಇನ್ನು ಆರು ತಿಂಗಳಾದ್ರೆ ಈ ಕೈಲಿ ಅದೂ ಆಗಲ್ಲ. ಆಮೇಲೆ ನಾನು ಫೋನಲ್ಲಿ ಕಾಣೋ ಒಬ್ಬ ಮುದುಕ, ಅಷ್ಟೆ."

ಮೇಜಿನ ಮೇಲಿನ ಎಣ್ಣೆ ಒರೆಸಿ ಮೇಲೆ ಬಂದೆ. ಒಲೆಯ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮಗಳಿಗೆ ಫೋನು ಮಾಡಿದೆ. ಅವಳೂ ಮನಸ್ಸು ಬಾರದೆ ಇನ್ನೂ ಅಂಗಡಿಗೆ ಹೋಗಿರಲಿಲ್ಲ.

ಯಾವ ಅಂಗಡಿಗೂ ಕರೆದುಕೊಂಡು ಹೋಗಬೇಡ, ನೀನೇ ಕತ್ತರಿಸು, ಅಪ್ಪ ಇಲ್ಲಿಂದ ಹೇಳಿಕೊಡುತ್ತಾರೆ ಎಂದೆ. ಮಗಳು ಗಾಬರಿಯಾದಳು. ಕ್ಷೌರಿಕನ ಮಗಳಾದರೂ ಅವಳು ಕತ್ತರಿ ಹಿಡಿದವಳಲ್ಲ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಅಂಗಡಿಯ ಬೆಂಚಿನ ಮೇಲೆ ಕೂತು ಪಾಠ ಓದಿಕೊಳ್ಳುತ್ತಿದ್ದಳು. ಕತ್ತರಿಯ ಹತ್ತಿರ ಕೈ ಹೋದರೆ ಮಾತ್ರ ಇವರು ಬಾಚಣಿಗೆಯಿಂದ ಬೆರಳ ಗೆಣ್ಣಿಗೆ ಒಂದು ಬಿಡುತ್ತಿದ್ದರು. ನಂಗೆ ಬರಲ್ಲಮ್ಮ ಎಂದಳು. ನಿಂಗೆ ಬರಬೇಕಾಗಿಲ್ಲ, ಅವರಿಗೆ ಬರತ್ತೆ, ಹೇಳಿದಷ್ಟು ಮಾಡು ಎಂದೆ. ಇವರಿಗೆ ಹೇಳಿದಾಗ ಮೊದಲು ಆಗುವ ಮಾತಲ್ಲ ಎಂದರು. ಐದು ನಿಮಿಷ ಬಿಟ್ಟು, ಅವಳ ಹತ್ತಿರ ಯಾವ ಕತ್ತರಿ ಇದೆಯಂತೆ ಕೇಳು ಎಂದರು.

ಅಂಗಡಿಯ ವಾರದ ರಜೆಯ ದಿನ ಗೊತ್ತು ಮಾಡಿದೆವು. ಇವರು ಮಧ್ಯಾಹ್ನವೇ ಸ್ನಾನ ಮಾಡಿ ಬಿಳಿಯ ಕೋಟು ಹಾಕಿಕೊಂಡರು. ಫೋನನ್ನು ಕನ್ನಡಿಯ ಕೆಳಗೆ ಪೌಡರಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದರು. ಕುರ್ಚಿಯ ಮೇಲೆ ಹಲಗೆಯನ್ನೂ ಇಟ್ಟರು. ಯಾರು ಕೂರಬೇಕು ಅದರ ಮೇಲೆ ಎಂದು ಕೇಳೋಣವೆಂದುಕೊಂಡೆ, ಕೇಳದೆ ಅದರ ಧೂಳು ಒರೆಸಿದೆ. ಖಾಲಿ ಹಲಗೆಯ ಹಿಂದೆ, ದಿನವೂ ನಿಲ್ಲುವ ಜಾಗದಲ್ಲೇ ನಿಂತರು. ಎಡಗೈಯಲ್ಲಿ ಬಾಚಣಿಗೆ, ಬಲಗೈ ಕೋಟಿನ ಜೇಬಿನಲ್ಲಿ. ನಾನು ಬೆಂಚಿನ ಮೇಲೆ ಕೂತೆ.

ಅಲ್ಲಿ ಅಡುಗೆಮನೆ. ಪೊದೆಯನ್ನು ಕುರ್ಚಿಯ ಮೇಲೆ ಎರಡು ದಪ್ಪ ಪುಸ್ತಕ ಪೇರಿಸಿ ಕೂರಿಸಿದ್ದರು. ಕುತ್ತಿಗೆಗೆ ದಿಂಬಿನ ಚೀಲ ಸುತ್ತಿತ್ತು. ಫೋನು ಅವಳ ಎದುರಿಗೆ ಮೇಜಿನ ಮೇಲೆ. ಹಿಂದೆ ಕತ್ತರಿ ಹಿಡಿದು ಮಗಳು, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಅಳಿಯಂದಿರು, ಇಬ್ಬರ ಮುಖದಲ್ಲೂ ಪರೀಕ್ಷೆಯ ದಿನದ ಕಳೆ.

ಇವರ ದನಿ ಬದಲಾಯಿತು. ಆ ದನಿ ನಾನು ಕೇಳಿ ಎಷ್ಟು ದಿನವಾಗಿತ್ತೋ, ಆತುರವಿಲ್ಲದ, ಎಂಥ ಹಟಮಾರಿ ಮಗುವನ್ನೂ ಕೂರಿಸುವ ಅಂಗಡಿಯ ದನಿ. ಮೊದಲು ಕೂದಲು ಒದ್ದೆ ಮಾಡು. ಮೇಲಿಂದ ಕೆಳಗೆ ಬಾಚು. ಎರಡು ಬೆರಳ ನಡುವೆ ಹಿಡಿ, ಎಳೆಯಬೇಡ, ಸುಮ್ಮನೆ ಹಿಡಿ. ಹುಬ್ಬಿಗಿಂತ ಒಂದು ಬೆರಳು ಕೆಳಗೆ, ಒಣಗಿದರೆ ಮೇಲೇರುತ್ತದೆ. ಹಾಂ, ಈಗ. ಕತ್ತರಿಯ ಸದ್ದು ಕೇಳಿತು. ಕಪ್ಪು ಕೂದಲಿನ ಒಂದು ಎಸಳು ದಿಂಬಿನ ಚೀಲದ ಮೇಲೆ ಜಾರಿ ಬಿತ್ತು. ಇವರು ಬಾಚಣಿಗೆಯನ್ನು ಕೋಟಿಗೆ ಒರೆಸಿ ಮುಂದುವರಿಸಿದರು.

ಮುಂದೆ ಆದದ್ದು ನಮ್ಮ ಮನೆಯಲ್ಲಿ ಮಾತ್ರ ಆಗುವಂಥದ್ದು.

ಎಡಗಡೆ ಉದ್ದ ಇದೆ, ಇನ್ನೊಂಚೂರು ತೆಗಿ ಎಂದರು ಇವರು. ಮಗಳು ತೆಗೆದಳು. ಇಲ್ಲ, ಎಡಗಡೆ ಇನ್ನೂ ಉದ್ದವೇ ಇದೆ ಎಂದರು. ಅವಳು ಇನ್ನೂ ತೆಗೆದಳು. ಎಡಗಡೆ ಅಂದ್ರೆ ಎಡಗಡೆ ಎಂದರು ಇವರು, ದನಿ ಏರಿತು. ಎಡಗಡೆಯೇ ಅಪ್ಪಾ ಎಂದು ಅವಳು ಮತ್ತೂ ತೆಗೆದಳು.

ಇವರು ನಲವತ್ತೆರಡು ವರ್ಷ ಮುಖ ನೋಡಿದ್ದೆಲ್ಲ ಕನ್ನಡಿಯಲ್ಲಿ. ಗಿರಾಕಿಯ ಬೆನ್ನ ಹಿಂದೆ ನಿಂತು ಕನ್ನಡಿ ನೋಡಿದರೆ ಅವನ ಎಡವೂ ಇವರ ಎಡವೂ ಒಂದೇ. ಫೋನಿನಲ್ಲಿ ಹಾಗಲ್ಲ, ಮಗು ನಮಗೆ ಎದುರಾಗಿ ಕೂತಿದೆ, ಅವಳ ಬಲಗಡೆ ನಮಗೆ ಎಡಗಡೆ. ಇದು ಬೇರೆ ಯಾರಿಗಾದರೂ ಕೂಡಲೇ ಹೊಳೆಯುತ್ತಿತ್ತು. ಇವರಿಗೆ ಕತ್ತರಿಯ ಮುಂದೆ ಕಾಣುವ ಮುಖವೆಲ್ಲ ಕನ್ನಡಿಯ ಮುಖವೇ. ಮಗಳಿಗಾದರೂ ಅನುಮಾನ ಬರಬೇಕಿತ್ತು. ಆದರೆ ಅವಳು ಬೆಳೆದದ್ದು ಆ ಬೆಂಚಿನ ಮೇಲೆ. ತಲೆಯ ವಿಷಯದಲ್ಲಿ ಅಪ್ಪ ಎಡ ಎಂದರೆ ಎಡ, ಎದುರು ಮಾತಿಲ್ಲ. ನಾನೊಬ್ಬಳು ಇದ್ದೆನಲ್ಲ ಎಂದು ನೀವು ಕೇಳಬಹುದು. ನಾನು ಕೂದಲನ್ನೇ ನೋಡುತ್ತಿರಲಿಲ್ಲ. ಪೊದೆಯ ಮೂಗಿನ ತುದಿಯಲ್ಲಿ ಒಂದು ನೀರಿನ ಹನಿ ನಿಂತಿತ್ತು, ಅವಳು ಅದನ್ನು ನಾಲಿಗೆಯಿಂದ ಮುಟ್ಟಲು ನೋಡುತ್ತಿದ್ದಳು, ನಾನು ಅದನ್ನೇ ನೋಡುತ್ತಾ ಮೈಮರೆತಿದ್ದೆ.

"ರೀ, ಅದು ಕನ್ನಡಿ ಅಲ್ಲ" ಎಂದು ನಾನು ಎದ್ದು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಪೊದೆಯ ಮುಂಗೂದಲು ಒಂದು ಕಡೆ ಕಣ್ಣಿನ ಮೇಲೆ ಇಳಿಬಿದ್ದಿತ್ತು, ಇನ್ನೊಂದು ಕಡೆ ಹಣೆಯ ಅರ್ಧಕ್ಕೆ ಏರಿತ್ತು, ನಡುವೆ ಮೆಟ್ಟಿಲು ಮೆಟ್ಟಿಲು. ಅಳಿಯಂದಿರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಮಗಳು ಕತ್ತರಿ ಹಿಡಿದವಳು ಹಿಡಿದಂತೆಯೇ ನಿಂತಳು.

ಈ ಕಡೆ, ಈ ಕಡೆ ನಾನು ಹೇಳಿದ್ದು ಎನ್ನುತ್ತಾ ಇವರು ಜೇಬಿನಿಂದ ಬಲಗೈ ತೆಗೆದು ಫೋನಿನ ಮುಂದೆ ಹಿಡಿದರು. ಗಡಿಬಿಡಿಯಲ್ಲಿ ಮರೆತರು. ಗಾಬರಿಯಾದರೆ ಆ ಕೈ ಇನ್ನೂ ಜಾಸ್ತಿ ನಡುಗುತ್ತದೆ. ಐದು ಬೆರಳೂ ಗಾಳಿಗೆ ಸಿಕ್ಕಿದ ಹಾಗೆ ಆಡುತ್ತಿದ್ದವು.

"ಅಪ್ಪಾ" ಎಂದಳು ಮಗಳು. "ಕೈಗೇನಾಗಿದೆ?"

ಏನಿಲ್ಲ ಎಂದರು ಇವರು. ಮತ್ತೆ ಅವಳು ಕೇಳಲಿಲ್ಲ, ನನ್ನ ಕಡೆ ನೋಡಿದಳು. ಮೂವತ್ತು ವರ್ಷ ಊರವರ ಪತ್ರಗಳನ್ನು ಒಡೆಯದೆ ದಾಟಿಸಿದವಳು ನಾನು. ಇದನ್ನು ಒಡೆದುಬಿಟ್ಟೆ. ಚಮಚದ ಸದ್ದು, ಮೇಷ್ಟ್ರ ಕಿವಿ, ವಾಪಸು ಬಂದ ಎರಡು ಅರ್ಜಿ, ಡಾಕ್ಟರ ಹತ್ತಿರ ಹೋಗದ ಹಟ, ಎಲ್ಲ ಹೇಳಿದೆ. ಇವರು ನನ್ನನ್ನು ನೋಡಿದ ನೋಟದಲ್ಲಿ ಬೆನ್ನಿಗೆ ಚೂರಿ ಹಾಕಿದೆಯಲ್ಲ ಎಂಬ ಮಾತಿತ್ತು. ಇರಲಿ ಎಂದುಕೊಂಡೆ. ಅಲ್ಲಿ ಮಗಳು ಕತ್ತರಿ ಮೇಜಿನ ಮೇಲಿಟ್ಟು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಅಳಿಯಂದಿರ ಕೆಮ್ಮು ನಿಂತಿತ್ತು. ಇವರ ಕೈ ಮಾತ್ರ ಇಳಿಸಲು ಮರೆತು ಫೋನಿನ ಮುಂದೆ ಹಾಗೆಯೇ ನಡುಗುತ್ತಿತ್ತು.

ಪೊದೆ ಆ ಕೈಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಇಳಿಬಿದ್ದ ಕಡೆಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ ತೋರಿಸಿದಳು.

"ಅಜ್ಜ, ಟಾಟಾ ಬೇಡ. ಈ ಕಡೆ ಇನ್ನೂ ಇದೆ."

ಕೈ ನಡುಗುವುದು ಎಂದರೇನು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಫೋನಿನಲ್ಲಿ ಕೈ ಅಲ್ಲಾಡಿತೆಂದರೆ ಅಜ್ಜ ಹೊರಟರು ಎಂದೇ ಅವಳು ತಿಳಿದದ್ದು. ಕೆಲಸ ಅರ್ಧಕ್ಕೆ ಬಿಟ್ಟು ಹೋಗಬೇಡಿ ಎಂದು ಕೇಳುತ್ತಿದ್ದಳು.

ಇವರು ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಆ ಕೈಯನ್ನೇ ತಂದರು, ಬಚ್ಚಿಡಲಿಲ್ಲ.

"ಇಲ್ಲ ಕಂದ, ಎಲ್ಲಿಗೂ ಹೋಗಲ್ಲ" ಎಂದರು. "ಮುಗಿಸಿಯೇ ಏಳೋದು."

ಆಮೇಲೆ ಅವರೊಳಗಿನ ಕಸುಬುದಾರ ಎದ್ದ. ಮಗುವನ್ನು ನಿಮ್ಮ ಮನೆಯ ಕನ್ನಡಿಯ ಮುಂದೆ ಕೂರಿಸಿ ಎಂದರು. ಫೋನು ಹಿಡಿದುಕೊಂಡು ಅವಳ ಬೆನ್ನ ಹಿಂದೆ ನಿಲ್ಲಿ ಎಂದು ಅಳಿಯಂದಿರಿಗೆ ಹೇಳಿದರು. ಅವರು ಬಿಸ್ಕತ್ತಿನ ತಟ್ಟೆ ಇಟ್ಟು ಹಾಗೆಯೇ ಮಾಡಿದರು. ಈಗ ಇವರಿಗೆ ಎದುರಿಗೆ ಪುಟ್ಟದೊಂದು ಕುತ್ತಿಗೆಯ ಹಿಂಭಾಗ, ಅದರಾಚೆ ಕನ್ನಡಿಯಲ್ಲಿ ಮುಖ. ಅಂಗಡಿಯಲ್ಲಿ ಕಾಣುವ ಹಾಗೆಯೇ. ಎಡ ಎಡವಾಯಿತು, ಬಲ ಬಲವಾಯಿತು. ಬಾಚಣಿಗೆ ಓರೆಯಾಗಿ ಹಿಡಿ, ಕತ್ತರಿಯ ತುದಿ ಮೇಲಕ್ಕಿರಲಿ, ಸುಳಿಯ ಹತ್ತಿರ ಒದ್ದೆಯಿದ್ದಾಗ ಕತ್ತರಿಸಬೇಡ, ಒಣಗಿದರೆ ಎದ್ದು ಕೂರುತ್ತದೆ. ಹೇಳುತ್ತಾ ಹೇಳುತ್ತಾ ಇವರು ಸಣ್ಣ ಕತ್ತರಿ ಎತ್ತಿಕೊಂಡು ಖಾಲಿ ಹಲಗೆಯ ಮೇಲೆ ಗಾಳಿಯಲ್ಲೇ ಕತ್ತರಿಸತೊಡಗಿದರು. ಇಲ್ಲಿ ಕತ್ತರಿ ನಡುಗುತ್ತಾ ಗಾಳಿ ಕತ್ತರಿಸುತ್ತಿತ್ತು, ಅಲ್ಲಿ ಮಗಳ ಕತ್ತರಿ ನಿಧಾನವಾಗಿ ಕೂದಲು ಕತ್ತರಿಸುತ್ತಿತ್ತು. ಮಗುವಿಗೆ ಕೂದಲು ಕೊಂಕಿದಷ್ಟೂ ನೋವಾಗಲಿಲ್ಲ. ನಾನು ಬೆಂಚಿನ ಮೇಲೆ ಕೂತು ಎರಡು ಕತ್ತರಿಗಳ ಸದ್ದನ್ನೂ ಕೇಳುತ್ತಿದ್ದೆ.

ಗಿಡ್ಡವಾದ ಕಡೆಗೆ ಉದ್ದದ ಕಡೆಯನ್ನು ಸರಿ ಮಾಡಿ ಮುಗಿಸುವಾಗ ಮುಂಗೂದಲು ಬಹಳ ಮೇಲೆ ಹೋಗಿತ್ತು. ಮೂರೂವರೆ ವರ್ಷ ಮರೆಯಾಗಿದ್ದ ಹಣೆ ಮೊದಲ ಸಲ ಪೂರ್ತಿ ಕಂಡಿತು. ಅಗಲ ಹಣೆ, ನಡುವೆ ಹೆಬ್ಬೆರಳು ಒತ್ತಿದ ಹಾಗೆ ಒಂದು ಸಣ್ಣ ತಗ್ಗು. ನಾನು ಇವರ ಕಡೆ ನೋಡಿದೆ, ಇವರ ಹಣೆಯನ್ನು ನೋಡಿದೆ, ಮತ್ತೆ ಫೋನು ನೋಡಿದೆ. ಹುಟ್ಟಿದಾಗಿನಿಂದ ಮೂಗು ಯಾರದು, ಕಿವಿ ಯಾರದು ಎಂದು ಹುಡುಕಿದವಳು ನಾನು. ಇವರ ಹಣೆಯೇ ಅಲ್ಲಿ ಕೂದಲ ಕೆಳಗೆ ಕೂತಿತ್ತು. ಹೇಳಿದೆ. ಇವರು ಕನ್ನಡಿಗೆ ಹತ್ತಿರ ಹೋಗಿ ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಊರವರ ಮುಖವನ್ನೆಲ್ಲ ಅದೇ ಕನ್ನಡಿಯಲ್ಲಿ ನೋಡಿದವರು ತಮ್ಮದನ್ನು ಈಗ ತಾನೇ ಕಂಡವರ ಹಾಗೆ.

ಮಗಳು ದಿಂಬಿನ ಚೀಲ ಬಿಚ್ಚಿ ಕೂದಲು ಕೊಡವುತ್ತಿದ್ದಳು. ಇವರು, ಕತ್ತರಿ ಹಿಡಿಯೋದು ಚೆನ್ನಾಗಿದೆ ನಿಂದು, ಕೈ ಗಟ್ಟಿ ಇದೆ ಎಂದರು. ಇವರ ಬಾಯಿಂದ ಹೊಗಳಿಕೆ ಬಂದದ್ದು ಅವಳ ಮದುವೆಯಲ್ಲೂ ಇಲ್ಲ. ಅವಳು ಮೂಗು ಒರೆಸಿಕೊಂಡಳು.

"ಡಾಕ್ಟರ ಪತ್ರ ತಗೊಳ್ಳಿ ಅಪ್ಪಾ. ಬನ್ನಿ. ಕತ್ತರಿ ಅಲ್ಲೇ ಇಟ್ಟು ಬನ್ನಿ."

"ಕತ್ತರಿ ಇಲ್ಲದೆ ಬಂದು ಏನು ಮಾಡ್ಲಿ?"

"ಎಡ, ಬಲ ಹೇಳಿ."

ಅಳಿಯಂದಿರು ಈ ಸಲ ಕೆಮ್ಮದೆ ನೇರವಾಗಿಯೇ ನಕ್ಕರು. ಇವರೂ ನಕ್ಕರು.

ಮಾರನೆಯ ಬೆಳಿಗ್ಗೆ ಇವರು ನನಗೆ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದರು. ಪತ್ರ ಬರೆದುಕೊಟ್ಟ ಡಾಕ್ಟರು ತಮ್ಮ ಕಿವಿಯ ಹಳೆಯ ಗಾಯ ಮುಟ್ಟಿ ತೋರಿಸಿ, ನಿಮ್ಮ ಕೈಯ ವಿಷಯ ನನ್ನ ಕಿವಿಗೆ ಒಂದು ವರ್ಷದ ಹಿಂದೆಯೇ ಗೊತ್ತು ಎಂದರಂತೆ. ಮೂರನೆಯ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿ ಕೊಟ್ಟು ಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಹೋಗುತ್ತೇವೆ, ಬಾರದಿದ್ದರೆ ನಾಲ್ಕನೆಯದು ಹಾಕುತ್ತೇವೆ. ಅಷ್ಟರಲ್ಲಿ ಪೊದೆಯ ಮುಂಗೂದಲು ಮ‌ತ್ತೆ ಬೆಳೆಯುತ್ತದೆ, ಮಗಳು ಮತ್ತೆ ಕತ್ತರಿ ಹಿಡಿಯುತ್ತಾಳೆ. ದೂರವೇನೂ ಕಮ್ಮಿಯಾಗಿಲ್ಲ, ಮೂರು ವಿಮಾನ ಮೂರು ವಿಮಾನವೇ. ಫೋನು ಬೋರಲು ಹಾಕುವಾಗ ನನಗೆ ಈಗಲೂ ಎದೆ ಹಿಂಡುತ್ತದೆ, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆದರೆ ಒಂದು ಹೊಸದು ಶುರುವಾಗಿದೆ. ಎದುರುಮನೆಯಾಕೆಗೆ ಒಮ್ಮೆ ಫೋನು ಕೊಟ್ಟಾಗ ಪೊದೆ ಎಲ್ಲ ಮಕ್ಕಳ ಹಾಗೆ ಕೈಯನ್ನು ಆ ಕಡೆ ಈ ಕಡೆ ಬೀಸಿ ಟಾಟಾ ಮಾಡಿದಳು. ನನಗೂ ಹಾಗೆಯೇ ಮಾಡುತ್ತಾಳೆ. ಅಜ್ಜನಿಗೆ ಮಾತ್ರ ಬೇರೆ. ಬಲಗೈಯನ್ನು ಮುಖದ ಮುಂದೆ ತಂದು, ಬೆರಳು ಅಗಲಿಸಿ, ತುಟಿ ಬಿಗಿಹಿಡಿದು ಬಹಳ ಶ್ರದ್ಧೆಯಿಂದ ನಡುಗಿಸುತ್ತಾಳೆ. ಅಜ್ಜನ ಟಾಟಾ ಹಾಗಿರುತ್ತದೆ ಎಂದು ಅವಳು ಕಲಿತುಕೊಂಡಿದ್ದಾಳೆ. ಇವರು ತೊಡೆಯ ಕೆಳಗಿಂದ ತಮ್ಮ ಕೈ ತೆಗೆದು ಫೋನಿನ ಮುಂದೆ ಎತ್ತಿ ಹಿಡಿಯುತ್ತಾರೆ. ಅಲ್ಲಿ ಒಂದು ಕೈ ಬೇಕೆಂದೇ ನಡುಗುತ್ತದೆ, ಇಲ್ಲಿ ಒಂದು ಬೇಡವೆಂದರೂ ನಡುಗುತ್ತದೆ, ಇಬ್ಬರಲ್ಲಿ ಯಾರೂ ಮೊದಲು ಇಳಿಸುವುದಿಲ್ಲ. ಕೊನೆಗೆ ನಾನೇ ಫೋನು ಇಡಬೇಕು.